ಜಗಲಿಯಿಂದ ಅಡುಗೆಮನೆಯವರೆಗೆ: ಕಾಸರಗೋಡಿನಲ್ಲಿ ಆರೋಗ್ಯ ಸಂಶೋಧನೆಗೆ ಇಳಿಯುವವರಿಗೆ

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಮನೆಗಳಿಗೆ ಪ್ರಶ್ನಾವಳಿ ಹಿಡಿದು ಹೋಗುವ ಮೊದಲು ಒಂದು ವಿಷಯ ತಿಳಿದಿರಲಿ: ಇಲ್ಲಿಯವರು ಈಗಾಗಲೇ ಎಷ್ಟೋ ಮಂದಿಗೆ ಉತ್ತರ ಕೊಟ್ಟು ದಣಿದಿದ್ದಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುವುದು 2000ದ ಹೊತ್ತಿಗೆ ನಿಂತಿತು. ಸಮೀಕ್ಷೆ, ಶಿಬಿರ, ಕ್ಯಾಮೆರಾಗಳು ನಿಲ್ಲಲಿಲ್ಲ. ಹಾಗಾಗಿ ನಿಮಗೆ ಎದುರಾಗುವ ಮೊದಲ ಪ್ರಶ್ನೆ, "ಇದರಿಂದ ಸರ್ಕಾರದ ಸಂತ್ರಸ್ತರ ಪಟ್ಟಿಗೆ ಹೆಸರು ಸೇರುತ್ತದೆಯೇ?" ಸೇರುವುದಿಲ್ಲ ಎಂದಾದರೆ ಅಂಗಳದಲ್ಲಿಯೇ ಸ್ಪಷ್ಟವಾಗಿ ಹೇಳಿಬಿಡಿ. ಆಸೆ ಹುಟ್ಟಿಸಿ ಪಡೆದ ಉತ್ತರ ನನಗೆ ಬೇಡ, ನಿಮಗೂ ಬೇಡ.

ನಾನು ಪೆರ್ಲದವಳು. ದೀರ್ಘಕಾಲದ ಕಾಯಿಲೆಯ ಮಕ್ಕಳನ್ನು ಮನೆಯಲ್ಲಿ ನೋಡಿಕೊಳ್ಳುವವರ ಜೊತೆ ಸಂಶೋಧನೆ ಮಾಡುತ್ತೇನೆ. ಕುಟುಂಬ ಕೇಂದ್ರಿತ ಆರೈಕೆಯ ಪಾಠಗಳಲ್ಲಿ ನಾಲ್ಕು ತತ್ವಗಳನ್ನು ಹೇಳಿಕೊಡುತ್ತಾರೆ: ಗೌರವ, ಮಾಹಿತಿ ಹಂಚಿಕೆ, ಪಾಲ್ಗೊಳ್ಳುವಿಕೆ, ಸಹಯೋಗ. ಮೊದಲ ಎರಡನ್ನು ಒಳ್ಳೆಯ ಮನಸ್ಸಿನವರು ಹೇಗೂ ಪಾಲಿಸುತ್ತಾರೆ. ಕೊನೆಯ ಎರಡಕ್ಕೆ ಮಾತ್ರ ಕೆಲಸದ ಕ್ರಮವನ್ನೇ ಬದಲಿಸಬೇಕಾಗುತ್ತದೆ. ಪ್ರಶ್ನೆಗಳು ಸಿದ್ಧವಾದ ಮೇಲೆ ತಾಯಂದಿರನ್ನು ಕರೆಯಬೇಡಿ. ಪ್ರಶ್ನೆ ಹುಟ್ಟುವಾಗಲೇ ಕರೆಯಿರಿ.

ಹಾಗೆ ಸೇರಿ ಮಾತನಾಡಲು ಅಂಗನವಾಡಿ ಸಾಕು. ಬೀಡಿ ಕಟ್ಟುವವರಿಗೆ ಆ ಹೊತ್ತಿನ ಕೂಲಿಯನ್ನೂ ಎಲ್ಲರಿಗೂ ಬಸ್ ಖರ್ಚನ್ನೂ ಯೋಜನೆಯ ಲೆಕ್ಕದಲ್ಲಿ ಮೊದಲೇ ಸೇರಿಸಿಡಿ. ಮಗುವನ್ನು ಬಿಟ್ಟು ಬರಲಾಗದವರ ಮನೆಗೆ ನೀವೇ ಹೋಗಿ. "ತಿಂಗಳಿಗೆ ಎಷ್ಟು ಸಲ ಆಸ್ಪತ್ರೆಗೆ ಹೋಗುತ್ತೀರಿ?" ಎಂಬ ಪ್ರಶ್ನೆಯನ್ನು ಓದಿದಾಗ ಒಬ್ಬ ತಾಯಿ, "ಆ ದಿನ ಇನ್ನೊಂದು ಮಗುವನ್ನು ಯಾರು ನೋಡಿಕೊಂಡರು ಎಂದೂ ಕೇಳಿ" ಎಂದರು. ನಮ್ಮ ಅಧ್ಯಯನದಲ್ಲಿ ಅತಿ ಹೆಚ್ಚು ವಿಷಯ ತಿಳಿದದ್ದು ಆ ಪ್ರಶ್ನೆಯಿಂದಲೇ.

ಮನೆಯಲ್ಲಿ ಯಾರೊಡನೆ ಮಾತನಾಡುತ್ತೀರಿ ಎಂಬುದು ಬಹಳ ಮುಖ್ಯ. ಜಗಲಿಯಲ್ಲಿ ಕುರ್ಚಿ ಹಾಕಿ ಮಾತಿಗೆ ಕೂರುವವರು ಸಾಮಾನ್ಯವಾಗಿ ಗಂಡಸರು. ಗಂಜಿ ಕುಡಿಸುವವರು, ಮೈ ಒರೆಸುವವರು, ರಾತ್ರಿ ಅಪಸ್ಮಾರ ಬಂದಾಗ ಮಗುವನ್ನು ಮಗ್ಗುಲಿಗೆ ತಿರುಗಿಸುವವರು ಒಳಗಿರುತ್ತಾರೆ. ಯಜಮಾನರ ಮಾತನ್ನು ಗೌರವದಿಂದ ಕೇಳಿಸಿಕೊಂಡ ಮೇಲೆ, "ಅಕ್ಕನ ಹತ್ತಿರವೂ ಸ್ವಲ್ಪ ಕೇಳಬೇಕಿತ್ತು" ಎಂದು ಎದ್ದು ಒಳಗೆ ಹೋಗಿ. ಕಾಯಿಲೆಯ ಮಗುವಿಗೆ ಅರ್ಥವಾಗುವುದಾದರೆ ಅದರ ಮಾತನ್ನೂ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಏಳು ದಾಟಿದ ಮಕ್ಕಳ ಒಪ್ಪಿಗೆಯನ್ನು ಹೆತ್ತವರ ಅನುಮತಿಯ ಜೊತೆಗೆ ಪಡೆಯಬೇಕು.

ಇನ್ನು ಭಾಷೆ. ಮನೆಮಾತು ತುಳು, ಓದು ಕನ್ನಡದಲ್ಲಿ, ಸರ್ಕಾರಿ ಆಸ್ಪತ್ರೆಯ ಮಾತುಕತೆ ಮಲಯಾಳದಲ್ಲಿ, ಮಂಗಳೂರಿನ ವೈದ್ಯರ ಚೀಟಿ ಇಂಗ್ಲಿಷಿನಲ್ಲಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಮನೆಮಾತಿನಲ್ಲಿ ಓದಿ ಹೇಳಿ. "ಅರ್ಥವಾಯಿತೇ?" ಎಂದು ಮಾತ್ರ ಕೇಳಬೇಡಿ, ಬಂದವರ ಮುಖ ನೋಡಿ ಎಲ್ಲರೂ ಹೌದೆನ್ನುತ್ತಾರೆ. "ಸಂಜೆ ಅತ್ತೆ ಕೇಳಿದರೆ ನಾನು ಯಾಕೆ ಬಂದಿದ್ದೆ ಎಂದು ಹೇಳುತ್ತೀರಿ?" ಎಂದು ಕೇಳಿ. ಅವರು ತಡವರಿಸಿದರೆ ನಿಮ್ಮ ವಿವರಣೆ ಸರಿಯಾಗಿಲ್ಲ ಎಂದರ್ಥ. ಮತ್ತೆ ಬೇರೆ ರೀತಿಯಲ್ಲಿ ಹೇಳಿ.

ಗಡಿಯ ಎರಡೂ ಬದಿಯಲ್ಲಿ ಚಿಕಿತ್ಸೆ ಪಡೆಯುವ ಮನೆಗಳಿಗೆ ಒಂದು ನೋಟುಪುಸ್ತಕ ಕೊಡಿ. ಇದನ್ನು ನಾನು ಒತ್ತಾಯಿಸಿ ಹೇಳುತ್ತೇನೆ. ಅಪಸ್ಮಾರ ಬಂದ ದಿನ, ಹೊತ್ತು, ಎಷ್ಟು ನಿಮಿಷ ಇತ್ತು, ಅಂದು ಜ್ವರವಿತ್ತೇ ಎಂಬುದನ್ನು ಮನೆಯವರೇ ಬರೆಯಲಿ. ಮಾತ್ರೆಯ ಕಂಪನಿ ಹೆಸರಿನ ಪಕ್ಕದಲ್ಲಿ ಔಷಧದ ಮೂಲ ಹೆಸರನ್ನು ನೀವು ಬರೆದುಕೊಡಿ: ಎರಡು ಆಸ್ಪತ್ರೆಯವರು ಬೇರೆ ಬೇರೆ ಹೆಸರಿನಲ್ಲಿ ಕೊಟ್ಟದ್ದು ಸೋಡಿಯಂ ವಾಲ್‌ಪ್ರೊಯೇಟ್ ಎಂಬ ಒಂದೇ ಅಪಸ್ಮಾರದ ಮದ್ದಾಗಿದ್ದರೆ ಮಗುವಿಗೆ ಎರಡು ಪಟ್ಟು ಮದ್ದು ಹೋಗುತ್ತಿರಬಹುದು. ಅಂಥದ್ದು ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಅಪಸ್ಮಾರದ ಮದ್ದನ್ನು ಹಠಾತ್ತನೆ ನಿಲ್ಲಿಸುವುದು ಅಪಾಯ. ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಅಪಸ್ಮಾರ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಬೇಕೆಂದು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಪುಸ್ತಕ ಮನೆಯವರದು. ನಕಲು ಬೇಕಿದ್ದರೆ ಕೇಳಿ ಪಡೆಯಿರಿ.

ಫೋಟೋ ಬೇಡ. ಈ ಊರಿನ ಮಕ್ಕಳ ಚಿತ್ರಗಳು ಈಗಾಗಲೇ ಸಾಕಷ್ಟು ಊರು ಸುತ್ತಿವೆ.

ವರದಿಯನ್ನು ನಿಯತಕಾಲಿಕೆಗೆ ಕಳುಹಿಸುವ ಮೊದಲು ಅದರ ಸಾರವನ್ನು ಒಂದು ಹಾಳೆಯಲ್ಲಿ ಸರಳ ಕನ್ನಡದಲ್ಲಿ ಬರೆದು ಅದೇ ಅಂಗನವಾಡಿಯಲ್ಲಿ ಗಟ್ಟಿಯಾಗಿ ಓದಿ. "ಇದು ನಮ್ಮ ಮನೆಯೆಂದು ಎಲ್ಲರಿಗೂ ಗೊತ್ತಾಗುತ್ತದೆ" ಎಂದು ಯಾರಾದರೂ ಹೇಳಿದರೆ ಆ ಸಾಲನ್ನು ತೆಗೆಯಿರಿ. ಅವರು ಒಪ್ಪದ ವ್ಯಾಖ್ಯಾನವಿದ್ದರೆ ಅವರ ಅಭಿಪ್ರಾಯವನ್ನೂ ಪಕ್ಕದಲ್ಲಿ ದಾಖಲಿಸಿ. ಹಾಳೆಯ ಪ್ರತಿಗಳನ್ನು ಆಶಾ ಕಾರ್ಯಕರ್ತೆಯ ಬಳಿಯೂ ಪಂಚಾಯತಿನ ಉಪಶಾಮಕ (ನೋವು, ಸಂಕಟ ತಗ್ಗಿಸುವ) ಆರೈಕೆಯ ದಾದಿಯ ಬಳಿಯೂ ಬಿಟ್ಟು ಬನ್ನಿ. ಕೆಳಗೆ ನಿಮ್ಮ ಫೋನ್ ಸಂಖ್ಯೆ ಇರಲಿ.