ಇಟಾಲಿಯನ್ ಪದ ಬಿಡಿಸುವುದು, ಒತ್ತು ಹಿಡಿಯುವುದು: ನನ್ನ ಅನುಭವ

ಇಟಾಲಿಯನ್ ಪದವನ್ನು ಕನ್ನಡದಲ್ಲಿ ಬರೆದುಕೊಂಡು ಉಚ್ಚಾರಾಂಶಗಳಾಗಿ, ಅಂದರೆ ಒಮ್ಮೆಗೆ ನುಡಿಯುವ ತುಂಡುಗಳಾಗಿ, ಒಡೆಯಲು ಕೂತರೆ ಲಿಪಿಯೇ ಎಡವಿಸುತ್ತದೆ. ಚೆಂಡಿಗೆ ಅವರು ಹೇಳುವ ‘ಪಲ್ಲ’ ನಮ್ಮ ಬರಹದಲ್ಲಿ ಪ, ಲ್ಲ, ಅವರಲ್ಲಿ ಪಲ್-ಲ. ಹಾಗಾಗಿ ನಾನು ಒತ್ತಕ್ಷರ ಬಿಡಿಸಿಯೇ ಶುರು ಮಾಡುತ್ತೇನೆ. ಗುರು-ಲಘು ಹಾಕಿ ಅಭ್ಯಾಸವಿದ್ದವರಿಗೆ ಇದು ಸಲೀಸು.

ಒಂಟಿ ವ್ಯಂಜನ ಮುಂದಿನ ಸ್ವರಕ್ಕೆ ಸೇರುತ್ತದೆ: ಕಾ-ಸ (ಮನೆ). ಜೋಡಿ ಸೀಳುತ್ತದೆ: ನೊತ್-ತೆ (ರಾತ್ರಿ). ಲ, ಮ, ನ, ರ ಮೊದಲು ಬಂದರೂ ಸೀಳೇ: ಪೊರ್-ತ (ಬಾಗಿಲು). ಆದರೆ ಬ, ಪ, ತ, ಕ, ಫಗಳ ನಂತರ ರ ಅಥವಾ ಲ ಬಂದರೆ ಎರಡೂ ಒಟ್ಟಿಗೆ: ಲೀ-ಬ್ರೊ (ಪುಸ್ತಕ).

ತಲೆನೋವು ‘ಸ’ಕಾರದ್ದು. ಸಾಲಿನ ಕೊನೆಯಲ್ಲಿ ಪದ ಮುರಿಯುವಾಗ ಪ-ಸ್ತ ಎಂದೇ ಮುರಿಯಬೇಕು. ಕಿವಿಗೆ ಮಾತ್ರ ಅದು ಪಸ್-ತ. ಪರೀಕ್ಷೆ ಸುಲಭ. ಒತ್ತು (ಒತ್ತಕ್ಷರವಲ್ಲ, ನುಡಿಯುವಾಗ ಕೊಡುವ ಬಲ) ಬಿದ್ದ ಉಚ್ಚಾರಾಂಶ ಸ್ವರದಲ್ಲಿ ಮುಗಿದರೆ ಎಳೆಯುತ್ತದೆ (ಕಾ-ಸ), ವ್ಯಂಜನದಲ್ಲಿ ಮುಗಿದರೆ ಎಳೆಯುವುದಿಲ್ಲ (ಪಲ್-ಲ). ‘ಪಸ್ತ’ದ ಮೊದಲ ಅಕಾರ ಎಳೆಯುವುದಿಲ್ಲ. ಪದದ ಕೊನೆಯ ಸ್ವರವಂತೂ ಒತ್ತು ಬಿದ್ದರೂ ಹ್ರಸ್ವವೇ. ನಮ್ಮ ಮೆನುಗಳ ‘ಪಾಸ್ತಾ’ದಲ್ಲಿ ಎರಡು ದೀರ್ಘವೂ ದಂಡ.

ಎ, ಒ, ಅ ತಮ್ಮೊಳಗೆ ಕೂಡುವುದಿಲ್ಲ: ಪೊ-ಏ-ತ (ಕವಿ). ಇ, ಉ ಪಕ್ಕದ ಸ್ವರಕ್ಕೆ ಅಂಟಿಕೊಳ್ಳುತ್ತವೆ, ಒತ್ತು ಅವುಗಳ ಮೇಲೇ ಬೀಳದಿದ್ದರೆ. ಬಿದ್ದರೆ ಬೇರೆ: ಪ-ಊ-ರ (ಹೆದರಿಕೆ), ಫರ್-ಮ-ಚೀ-ಅ (ಔಷಧಿ ಅಂಗಡಿ). ಅಂದರೆ ಒಡೆಯುವ ಮೊದಲೇ ಒತ್ತು ಗೊತ್ತಿರಬೇಕು. ಹೆಚ್ಚಿನ ತಪ್ಪು ಹುಟ್ಟುವುದು ಇಲ್ಲಿಯೇ.

ಒತ್ತನ್ನು ಕೊನೆಯಿಂದ ಎಣಿಸಿ. ಕೊನೆಯದರ ಮೇಲಿದ್ದರೆ ಇಟಾಲಿಯನ್ ಬರಹದಲ್ಲಿ ಆ ಸ್ವರದ ಮೇಲೆ ಗುರುತು ಕಡ್ಡಾಯ: ಚಿತ್-ತ (ನಗರ), ಕಫ್-ಫೆ. ಗುರುತಿಲ್ಲದಿದ್ದರೆ ನಾನು ಕೊನೆಯಿಂದ ಎರಡನೆಯದನ್ನು ಹಿಡಿಯುತ್ತೇನೆ. ಅದು ವ್ಯಂಜನದಲ್ಲಿ ಮುಗಿದರಂತೂ ಬಹುತೇಕ ಖಚಿತ. ತರಂತೊ, ಒತ್ರಂತೊ ಎಂಬ ಊರುಗಳು, ಬಾದಾಮಿಯ ಹೆಸರಾದ ಮಂದೊರ್ಲ ಇದಕ್ಕೆ ಅಪವಾದ. ಮೂರರಲ್ಲೂ ಒತ್ತು ಮೊದಲಿಗೇ. ಸ್ವರದಲ್ಲಿ ಮುಗಿದರೆ ನಿಘಂಟೇ ಗತಿ. ಊರುಗಳ ಹೆಸರಲ್ಲೇ ನೋಡಿ: ಜೇನೊವ, ನಾಪೊಲಿ, ಮೋದೆನ ಮೊದಲಿಗೆ ಒತ್ತುತ್ತವೆ. ವೆರೋನ, ಕ್ರೆಮೋನ ನಡುವೆ.

ವರ್ತಮಾನಕಾಲದ ಕ್ರಿಯಾಪದದಲ್ಲಿ ‘ಅವನು’ ರೂಪದ ಒತ್ತು ‘ಅವರು’ ರೂಪದಲ್ಲೂ ಅಲ್ಲೇ: ಪರ್-ಲ (ಮಾತಾಡುತ್ತಾನೆ), ಪರ್-ಲ-ನೊ (ಮಾತಾಡುತ್ತಾರೆ), ಎರಡರಲ್ಲೂ ಪರ್ ಮೇಲೆ. ‘ಫೋನ್ ಮಾಡುತ್ತಾರೆ’ ಎನ್ನುವ ತೆ-ಲೇ-ಫೊ-ನ-ನೊದಲ್ಲಿ ಒತ್ತು ಕೊನೆಯಿಂದ ನಾಲ್ಕನೆಯದಕ್ಕೆ ಹೋಗುತ್ತದೆ. ಅಭ್ಯಾಸಕ್ಕೆ ನಾನು ಇಟ್ಟುಕೊಂಡದ್ದು ಇಟಾಲಿಯನ್ ಬರಹದಲ್ಲಿ ಒಂದೇ ಕಾಗುಣಿತದ ಮೂರು ಪದ: ಕಾಪಿತನೊ (ಸಂಭವಿಸುತ್ತವೆ), ಕಪಿತಾನೊ (ನಾಯಕ), ಕಪಿತನೊ (ನಾಯಕತ್ವ ವಹಿಸಿದ). ಗುರುತು ಕಾಣುವುದು ಮೂರನೆಯದರ ಕೊನೆಯ ‘ಒ’ ಮೇಲೆ ಮಾತ್ರ.