ಕಿಟಕಿ ಬದಿ ಸೀಟು ನಿಮ್ಮದು ಸರಿ, ಶಟರ್ ಯಾರದ್ದು ಮಾರಾಯ್ರೆ?

ಕಳೆದ ಡಿಸೆಂಬರಲ್ಲಿ ಬೆಂಗಳೂರಿಂದ ಬಜ್ಪೆಗೆ, ಅಂದ್ರೆ ನಮ್ಮ ಮಂಗಳೂರು ಏರ್‌ಪೋರ್ಟಿಗೆ, ಬರುವ ಮಧ್ಯಾಹ್ನದ ಫ್ಲೈಟು. ಎ ಸೀಟು, ಅಂದ್ರೆ ಎಡಬದಿಯ ಕಿಟಕಿ, ಘಟ್ಟ ದಾಟುದು ನೋಡುವ ಅಂತ ಎಕ್ಸ್‌ಟ್ರಾ ದುಡ್ಡು ಕೊಟ್ಟೇ ತಗೊಂಡದ್ದು. ವಿಮಾನ ಮೇಲೆ ಹೋಗಿ ಬೆಲ್ಟ್ ಲೈಟ್ ಆಫ್ ಆಗಿ ಐದು ನಿಮಿಷ ಆಗ್ಲಿಲ್ಲ, ನನ್ನ ಸೀಟಿಗೂ ಗೋಡೆಗೂ ನಡುವಿನ ಸಂದಿಯಿಂದ ಒಂದು ಕೈ ಬಂತು. ಕೆಂಪು ಗಾಜಿನ ಬಳೆ, ಎರಡು ಉಂಗುರ. ಮೆಲ್ಲ ಬಂದು ಕಿಟಕಿ ಮುಚ್ಚುವ ಶಟರಿನ ತುದಿ ಹಿಡಿದು ಟಪ್ ಅಂತ ಕೆಳಗೆ ಎಳ್ದು ಬಂದ ಹಾಗೇ ವಾಪಸ್ ಹೋಯ್ತು. ನಾನು ಎತ್ತಿದೆ. ಕೈ ಪುನಃ ಬಂತು. ಪುನಃ ಎತ್ತಿದೆ. ಮೂರನೇ ಸಲ ನಂಗೆ ಮಂಡೆಬಿಸಿ ಆಗಿ, ಇವತ್ತು ಒಂದು ಕೈ ನೋಡುವ ಅಂತ ಎದ್ದು ಹಿಂದೆ ತಿರುಗಿದ್ರೆ ಒಬ್ಬರು ಅಕ್ಕ, ಮಡಿಲಲ್ಲಿ ಮೂರ್ನಾಲ್ಕು ತಿಂಗಳ ಮಗು, ಮಗುವಿನ ಮುಖದ ಮೇಲೆ ನನ್ನ ಕಿಟಕಿಯಷ್ಟೇ ದೊಡ್ಡ ಬಿಸಿಲಿನ ತುಂಡು. "ಹೇಳ್ಬಹುದಿತ್ತಲ್ಲ ಅಕ್ಕ" ಅಂದೆ. "ಎರಡು ಸಲ ಕರ್ದೆ ಅಣ್ಣ, ನೀವು ಕಿವಿಗೆ ಹಾಕ್ಕೊಂಡಿದ್ರಿ" ಅಂದ್ರು. ಹೌದು, ಹೆಡ್‌ಫೋನ್ ಇತ್ತು.

ಅವತ್ತಿಂದ ಈ ಶಟರಿನ ವಿಷಯ ನನ್ನ ತಲೆಯಲ್ಲಿ ಕೂತಿದೆ. ಗಲ್ಫಿಗೆ, ಮುಂಬೈಗೆ, ಬೆಂಗಳೂರಿಗೆ ಹೋಗಿ ಬಂದು ಮಾಡುವವರು ನಮ್ಮಲ್ಲಿ ಮನೆಗೊಬ್ಬರಾದ್ರೂ ಇದ್ದಾರೆ, ಆದ್ರೆ ಇದನ್ನು ಯಾರೂ ಯಾರಿಗೂ ಹೇಳಿಕೊಡುದಿಲ್ಲ, ಹಾಗಾಗಿ ನಾನು ನೋಡಿ ಕೇಳಿ ಬೈಸ್ಕೊಂಡು ಕಲ್ತದ್ದನ್ನು ಬರೀತೇನೆ.

ಮೊದ್ಲು ಯಾವ ಕಿಟಕಿ ಯಾರದ್ದು ಅಂತ. ಒಂದು ಸಾಲಿಗೆ ಒಂದು ಕಿಟಕಿ ಅಂತ ನಾವು ಅಂದ್ಕೊಂಡಿರ್ತೇವೆ, ಅದು ಹಾಗಿಲ್ಲ. ನಮ್ಮ ಬಜ್ಪೆಗೆ ಬರುವ 737, ಎ320 ತರದ ವಿಮಾನದಲ್ಲಿ ಕಿಟಕಿ ಬರುದು ಬಾಡಿಯ ಫ್ರೇಮಿನ ಲೆಕ್ಕದಲ್ಲಿ, ಸುಮಾರು 20 ಇಂಚಿಗೆ ಒಂದು. ಸೀಟಿನ ಸಾಲು ಹಾಕುದು ಕಂಪೆನಿಯ ಲೆಕ್ಕದಲ್ಲಿ, 28ರಿಂದ 31 ಇಂಚಿಗೆ ಒಂದು. ಈ ಎರಡು ಲೆಕ್ಕ ಒಂದಕ್ಕೊಂದು ತಾಳೆ ಆಗುದೇ ಇಲ್ಲ, ಹಾಗಾಗಿ ಕೆಲವರಿಗೆ ಎರಡು ಕಿಟಕಿ, ಕೆಲವರಿಗೆ ಒಂದೂವರೆ, ಉಳಿದ ಅರ್ಧ ಹಿಂದಿನವರ ಜೊತೆ ಪಾಲು. 737-800ರಲ್ಲಿ ಎಡಬದಿಯಲ್ಲಿ ಒಂದು ಕಡೆ ಎಸಿ ಪೈಪು ಮೇಲೆ ಹೋಗುವ ಜಾಗ ಅಂತ ಕಿಟಕಿಯೇ ಇಲ್ಲ, ಕಿಟಕಿ ಸೀಟು ಅಂತ ದುಡ್ಡು ಕೊಟ್ಟು ಗೋಡೆ ನೋಡ್ತಾ ಕೂರ್ಬೇಕು. ನಂಗೂ ಒಮ್ಮೆ ಸಿಕ್ಕಿದೆ ಆ ಭಾಗ್ಯ.

ಪಾಲಿನ ಕಿಟಕಿಗೆ ನಾನು ಇಟ್ಕೊಂಡ ಲೆಕ್ಕ ಇಷ್ಟೇ. ಬೆನ್ನು ಸೀಟಿಗೆ ಸರಿಯಾಗಿ ಕೊಟ್ಟು ಕೂತು ಕೈ ಎತ್ತಿದ್ರೆ ಯಾವ ಶಟರ್ ಸಿಗ್ತದೋ ಅದು ನಿಮ್ಮದು. ಮುಂದೆ ಬಗ್ಗಿ ಎದುರು ಸೀಟಿನ ಸಂದಿಗೆ ಕೈ ಹಾಕ್ಬೇಕು ಅಂತಾದ್ರೆ ಅದು ಎದುರಿನವರದ್ದು, ಬಾಯಲ್ಲಿ ಕೇಳಿ, ಕೈ ಹಾಕ್ಬೇಡಿ. ಸೀಟಿನ ಬೆನ್ನಿಗೇ ಸರಿಯಾಗಿ ನಡುವಲ್ಲಿ ಬಂದದ್ದಾದ್ರೆ ಇಬ್ಬರದ್ದೂ, ಆಗ ಯಾರಿಗೆ ತೊಂದ್ರೆ ಜಾಸ್ತಿಯೋ ಅವರ ಮಾತು ನಡೀಲಿ.

ಇದು ನಮಗೆ ಹೊಸತೇನಲ್ಲ. ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಲ್ಲಿ ಜಾರುವ ಗ್ಲಾಸು ಇರ್ತದಲ್ಲ, ಎದುರಿನವ ಗಾಳಿ ಬೇಕು ಅಂತ ಹಿಂದೆ ದೂಡಿದ್ರೆ ನಮಗೆ ಬಂದ್, ನಾವು ಮುಂದೆ ದೂಡಿದ್ರೆ ಅವನಿಗೆ ಬಂದ್. ಜುಲೈ ತಿಂಗಳ ಮಳೆಯಲ್ಲಿ ಎದುರಿನವ ನಾಲ್ಕು ಬೆರಳು ಗ್ಲಾಸು ತೆಗ್ದಿಟ್ರೆ ಅವನ ಮೈಮೇಲೆ ಒಂದು ಹನಿ ಬೀಳುದಿಲ್ಲ, ಹೆಜಮಾಡಿ ಮುಟ್ಟುವಷ್ಟರಲ್ಲಿ ಹಿಂದೆ ಕೂತ ನಮ್ಮ ಅಂಗಿ ಪೂರ್ತಿ ಚಂಡಿ. ವಿಮಾನದಲ್ಲಿ ಮಳೆಯ ಬದ್ಲು ಬಿಸಿಲು, ಅಷ್ಟೇ ವ್ಯತ್ಯಾಸ. ತೆರ್ದವನಿಗೆ ವ್ಯೂ, ಹಿಂದಿನವನಿಗೆ ಕಣ್ಣು ಕುಕ್ಕುದು.

ಇನ್ನು ಅದೇ ಸಾಲಲ್ಲಿ ಮೂರು ಜನ ಇದ್ದಾಗ. ಕಿಟಕಿ ಬದಿಯವರ ಕೈಯಲ್ಲಿ ಶಟರ್ ಇರ್ತದೆ, ಇದನ್ನು ನಾನು ಒಪ್ತೇನೆ, ನಡುವಿನವರು ಅಥವಾ ದಾರಿ ಬದಿಯ ಐಲ್ ಸೀಟಿನವರು ನೇರ ಕೈ ಹಾಕಿ ಎಳೆಯುದು ಸರಿಯಲ್ಲ. ಆದ್ರೆ ಕೈಯಲ್ಲಿ ಇದೆ ಅಂತ ಒಂದು ಮಾತು ಕೇಳದೆ ಇಡೀ ಪ್ರಯಾಣ ಮುಚ್ಚಿಟ್ಟು ಮಲಗುದೂ ಸರಿಯಲ್ಲ. ನಾನು ಮಾಡಿದ್ದೇನೆ ಆ ತಪ್ಪು. ಮಸ್ಕತ್ತಿಂದ ಬರುವಾಗ ನಡುವಿನ ಸೀಟಲ್ಲಿ ಮಗಳ ಬಾಣಂತನ ಮುಗಿಸಿ ವಾಪಸ್ ಬರುವ ಒಬ್ಬರು ಹೆಂಗಸು, ಕುಂದಾಪುರದ ಕಡೆಯವರು. ನಾನು ಕೂತ ಕೂಡ್ಲೇ ಒರಗಿ, ಟೇಕಾಫ್ ಆದ ಮೇಲೆ ಶಟರ್ ಎಳ್ದವ, ಎದ್ದದ್ದು ಲ್ಯಾಂಡಿಂಗ್ ಹೊತ್ತಿಗೆ. ಇಳಿಯುವಾಗ ಅವರು ಸುಮ್ನೆ ಹೇಳಿದ್ರು, "ಹೋಗುವಾಗ ರಾತ್ರಿ ಆಗಿತ್ತು, ಬರುವಾಗ ಕಡಲು ಕಾಣ್ತದೆ ಅಂತ ಮಗಳು ಹೇಳಿದ್ಳು." ಬೈದದ್ದಲ್ಲ, ಹಾಗೇ ಹೇಳಿದ್ದು. ನಂಗೆ ಬೆಲ್ಟಲ್ಲಿ ಬ್ಯಾಗ್ ಬರುವ ತನಕ ಅವರ ಮುಖ ನೋಡ್ಲಿಕ್ಕೆ ಆಗ್ಲಿಲ್ಲ. ಈಗ ಎಳೆಯುವ ಮೊದ್ಲು ಒಮ್ಮೆ ಪಕ್ಕಕ್ಕೆ ತಿರುಗಿ "ಮುಚ್ಚಿದ್ರೆ ಅಡ್ಡಿ ಇಲ್ವಾ?" ಅಂತ ಕೇಳ್ತೇನೆ. ನೂರಕ್ಕೆ ತೊಂಬತ್ತು ಜನ ಫೋನಿನಿಂದ ತಲೆ ಎತ್ತುದೇ ಇಲ್ಲ, ಅದು ಬೇರೆ ವಿಷಯ.

ಕೇಳುದು ಹೇಗೆ ಅಂತ ಕೆಲವರಿಗೆ ನಾಚಿಕೆ. "ಎಕ್ಸ್‌ಕ್ಯೂಸ್ ಮಿ" ಅಂತ ಶುರು ಮಾಡಿದ್ರೆ ಎದುರಿನವರು ಅಲ್ಲೇ ಗಟ್ಟಿ ಆಗ್ತಾರೆ, ಇದು ನನ್ನ ಅನುಭವ. ಬಜ್ಪೆ ಫ್ಲೈಟಲ್ಲಿ ಮುಖ ನೋಡಿ ಭಾಷೆ ಗೊತ್ತಾಗುದಿಲ್ಲ, ತುಳುವೋ ಬ್ಯಾರಿಯೋ ಕೊಂಕಣಿಯೋ, ಕನ್ನಡದಲ್ಲಿ ಶುರು ಮಾಡಿ ಅವರೇ ಬದ್ಲಿಸ್ತಾರೆ. ಆಮೇಲೆ ಕಾರಣ ಹೇಳ್ಬೇಕು. "ಶಟರ್ ಹಾಕಿ" ಅಂದ್ರೆ ಆರ್ಡರ್ ಮಾಡಿದ ಹಾಗೆ ಆಗ್ತದೆ, "ಅಣ್ಣ, ಬಿಸಿಲು ಸೀದಾ ಕಣ್ಣಿಗೇ ಬೀಳ್ತಾ ಉಂಟು, ಒಂಚೂರು ಕೆಳಗೆ ಮಾಡ್ತೀರಾ?" ಅಂದ್ರೆ ಇಲ್ಲ ಅನ್ನುವವರು ಕಡಿಮೆ. ಈ ಒಂಚೂರು ಅನ್ನುದು ಮುಖ್ಯ, ಯಾಕಂದ್ರೆ ಶಟರ್ ಅಂದ್ರೆ ಪೂರ್ತಿ ಮೇಲೆ ಇಲ್ಲ ಪೂರ್ತಿ ಕೆಳಗೆ ಅಂತ ಜನ ಮಾಡಿಟ್ಟಿದ್ದಾರೆ, ಅದು ನಡುವಲ್ಲೂ ನಿಲ್ತದೆ. ಮುಕ್ಕಾಲು ಎಳ್ದು ಕೆಳಗೆ ನಾಲ್ಕು ಬೆರಳು ಬಿಟ್ರೆ ನೋಡುವವನಿಗೆ ನೆಲವೂ ಕಾಣ್ತದೆ, ಹಿಂದಿನವನ ಕಣ್ಣೂ ಉಳೀತದೆ. ನಾನೂ ಆ ಅಕ್ಕನೂ ಕೊನೆಗೆ ಹಾಗೇ ಮಾಡಿದ್ದು.

ಕಿಟಕಿ ಬದಿಯವರು ನಿದ್ರೆಯಲ್ಲಿದ್ರೆ? ಅವರ ಮೇಲಿಂದ ಕೈ ಚಾಚ್ಬೇಡಿ. ಅದರಲ್ಲೂ ಗಂಡಸರು, ಅಲ್ಲಿ ಹೆಂಗಸರು ಮಲಗಿದ್ರೆ ನಿಮ್ಮ ಮನಸ್ಸಲ್ಲಿ ಶಟರ್ ಬಿಟ್ಟು ಬೇರೆ ಎಂತದ್ದೂ ಇಲ್ಲದಿದ್ರೂ ಕಣ್ಣು ಬಿಟ್ಟ ಕೂಡ್ಲೇ ಅವರಿಗೆ ಕಾಣುದು ಮುಖದ ಮೇಲೆ ಒಂದು ಕೈ. ಮೇಲಿನ ಕಾಲ್ ಬಟನ್ ಒತ್ತಿ ಕ್ರೂಗೆ ಹೇಳಿ, ಇಲ್ಲ ಟೋಪಿ ಇದ್ರೆ ಮುಖಕ್ಕೆ ಮುಚ್ಚಿ ಮಲ್ಕೊಳ್ಳಿ. ಮಕ್ಕಳು ಶಟರನ್ನು ಟಪ ಟಪ ಮಾಡಿದ್ರೆ ಎರಡು ನಿಮಿಷ ಬಿಡಿ, ಆಮೇಲೆ ಕಿಟಕಿಯ ಕೆಳಗೆ ಒಂದು ಸಣ್ಣ ತೂತು ಉಂಟು ನೋಡು ಅಂತ ತೋರಿಸಿ. ನಡುವಿನ ಗ್ಲಾಸಲ್ಲಿರುವ ಆ ತೂತು ಗಾಳಿಯ ಒತ್ತಡ ಹೊರಗಿನ ಗ್ಲಾಸಿನ ಮೇಲೆ ಬೀಳುವ ಹಾಗೆ ಮಾಡ್ತದೆ, ಮಂಜು ಕಟ್ಟುದನ್ನೂ ತಡೀತದೆ. ನನ್ನ ಅಳಿಯ ಹತ್ತು ನಿಮಿಷ ಅದನ್ನೇ ನೋಡ್ತಾ ಕೂತಿದ್ದ.

ಇಷ್ಟೆಲ್ಲ ವಿಮಾನ ಮೇಲೆ ಇರುವಾಗಿನ ಮಾತು. ಟೇಕಾಫ್, ಲ್ಯಾಂಡಿಂಗ್ ಹೊತ್ತಲ್ಲಿ ಶಟರ್ ನಿಮ್ಮದೂ ಅಲ್ಲ ನನ್ನದೂ ಅಲ್ಲ, ಕ್ಯಾಬಿನ್ ಕ್ರೂ ಹೇಳಿದ್ದೇ ಕೊನೆ, ಎತ್ತಿ ಅಂದ್ರೆ ಎತ್ತುದು. ಸುಮ್ನೆ ಕಿರಿಕಿರಿ ಮಾಡ್ಲಿಕ್ಕೆ ಹೇಳುದಲ್ಲ ಅವರು. ಎಂತಾದ್ರೂ ಆದ್ರೆ ಯಾವ ಬದಿಯಲ್ಲಿ ಬೆಂಕಿ ಉಂಟು, ಯಾವ ಬಾಗಿಲು ತೆಗೀಬಹುದು ಅಂತ ಒಳಗಿನವರಿಗೆ ಕಾಣ್ಬೇಕು, ಹೊರಗಿಂದ ಬರುವವರಿಗೆ ಒಳಗಿನದ್ದು ಕಾಣ್ಬೇಕು. ಇನ್ನೊಂದು ಕಣ್ಣಿನ ವಿಷಯ. ಕತ್ತಲೆ ಒಳಕೋಣೆಯಿಂದ ಮಧ್ಯಾಹ್ನದ ಅಂಗಳಕ್ಕೆ ಬಂದ್ರೆ ಎರಡು ಕ್ಷಣ ಎಂತದ್ದೂ ಕಾಣುದಿಲ್ಲ ಅಲ್ವಾ, ಹೊಸ ಮಾದರಿಯ ದೊಡ್ಡ ವಿಮಾನಕ್ಕೆ ಒಪ್ಪಿಗೆ ಕೊಡುವಾಗ ಅರ್ಧ ಬಾಗಿಲು ಬಂದ್ ಇಟ್ಟು 90 ಸೆಕೆಂಡಲ್ಲಿ ಎಲ್ಲರನ್ನೂ ಹೊರಗೆ ಹಾಕಿ ತೋರಿಸ್ಬೇಕು, ಅಂಥ ಲೆಕ್ಕದಲ್ಲಿ ಆ ಎರಡು ಕ್ಷಣವೂ ದೊಡ್ಡದೇ. ರಾತ್ರಿ ಲ್ಯಾಂಡಿಂಗಿಗೆ ಒಳಗಿನ ಲೈಟ್ ಡಿಮ್ ಮಾಡುದೂ ಇದಕ್ಕೇ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳ್ಬೇಕಾಗಿಲ್ಲ, ಗುಡ್ಡದ ತಲೆ ತಟ್ಟು ಮಾಡಿ ಕಟ್ಟಿದ ರನ್‌ವೇ ನಮ್ಮದು, 2010ರ ಮೇ 22ರ ಬೆಳಿಗ್ಗೆ ಕೆಂಜಾರಲ್ಲಿ ವಿಮಾನ ಬಿದ್ದು 158 ಜನ ಹೋದದ್ದು, ಬರೀ 8 ಜನ ಉಳಿದದ್ದು ಇಲ್ಲಿ ಯಾರೂ ಮರ್ತಿಲ್ಲ.

ಇದಕ್ಕೆ ಉಲ್ಟಾ ಒಂದುಂಟು. 2025ರ ಮೇ ತಿಂಗಳಲ್ಲಿ ವಿಮಾನಗಳ ನಿಯಮ ಮಾಡುವ ಸರಕಾರದ ಡಿಜಿಸಿಎ ಒಂದು ಆರ್ಡರ್ ಮಾಡಿತ್ತು, ಸೇನೆಯ ವಿಮಾನ ನಿಲ್ದಾಣಗಳಲ್ಲಿ, ಮುಖ್ಯವಾಗಿ ಪಶ್ಚಿಮ ಗಡಿ ಹತ್ತಿರದವುಗಳಲ್ಲಿ, 10,000 ಅಡಿ ದಾಟುವ ತನಕ ಶಟರ್ ಕೆಳಗೇ ಇರ್ಬೇಕು ಅಂತ, ಎಮರ್ಜೆನ್ಸಿ ಎಕ್ಸಿಟ್ ಸಾಲು ಒಂದು ಬಿಟ್ಟು. ಹಾಗೆ ಎಲ್ಲಾದ್ರೂ ಕ್ರೂ ಕೆಳಗೆ ಮಾಡಿ ಅಂದ್ರೆ "ನಮ್ಮ ಮಂಗಳೂರಲ್ಲಿ ಎತ್ತಿ ಅಂತಾರೆ" ಅಂತ ವಾದಕ್ಕೆ ಕೂರ್ಬೇಡಿ. ಬೇಸಿಗೆಯಲ್ಲಿ ವಿಮಾನ ಬಿಸಿಲಿಗೆ ನಿಂತಿರುವಾಗ ಇಳಿಯುವ ಮುಂಚೆ ಶಟರ್ ಎಳ್ದು ಹೋಗಿ ಅಂತಲೂ ಕೆಲವು ಸಲ ಹೇಳ್ತಾರೆ, ಒಳಗೆ ಕಾಯದಿರ್ಲಿ ಅಂತ. ಮತ್ತೆ ಬೋಯಿಂಗ್ 787 ಅನ್ನುವ ದೊಡ್ಡ ವಿಮಾನದಲ್ಲಿ ಶಟರೇ ಇಲ್ಲ, ಬಟನ್ ಒತ್ತಿದ್ರೆ ಗ್ಲಾಸೇ ಮೆಲ್ಲ ನೀಲಿ ಆಗ್ತಾ ಕಪ್ಪಾಗ್ತದೆ, ಅದರ ಕಂಟ್ರೋಲ್ ಕ್ರೂ ಹತ್ರವೂ ಇರ್ತದೆ, ಅವರು ಲಾಕ್ ಮಾಡಿದ್ರೆ ನೀವು ಎಷ್ಟು ಒತ್ತಿದ್ರೂ ಅಷ್ಟೇ.

ಗಲ್ಫಿಂದ ಊರಿಗೆ ಬರುವ ರಾತ್ರಿ ಫ್ಲೈಟಿಗೆ ಬೇರೆಯೇ ಮರ್ಯಾದೆ. ನಾವು ಬರುದು ಪಶ್ಚಿಮದಿಂದ ಪೂರ್ವಕ್ಕೆ, ಸೂರ್ಯ ಎದುರಿಂದ ಬರ್ತಾನೆ, ಹಾಗಾಗಿ ಬೆಳಗಾಗುದು ಗಡಿಬಿಡಿಯಲ್ಲಿ, ದುಬೈ ಟೈಮಿನ ವಾಚಿನ ಪ್ರಕಾರ ಇನ್ನೂ ರಾತ್ರಿಯೇ ಅಂತ ಮಲಗಿದವರ ಮುಖಕ್ಕೆ ಯಾರೋ ಒಬ್ಬ ಶಟರ್ ಎತ್ತಿ ಟಾರ್ಚ್ ಬಿಟ್ಟ ಹಾಗೆ ಮಾಡ್ತಾನೆ. ಹಿಂದಿನ ದಿನ ಡ್ಯೂಟಿ ಮುಗಿಸಿ ಸೀದಾ ಏರ್‌ಪೋರ್ಟಿಗೆ ಬಂದವರಿರ್ತಾರೆ ಅಲ್ಲಿ. ಲೈಟ್ ಆಫ್ ಆಗಿದ್ರೆ ಶಟರ್ ಕೆಳಗೆ, ನೋಡ್ಲೇಬೇಕು ಅಂತಿದ್ರೆ ಎರಡು ಬೆರಳಷ್ಟು ಎತ್ತಿ ಮುಖ ಹತ್ರ ತಗೊಂಡು ಹೋಗಿ ನೋಡಿ ಬಿಡಿ. ಕ್ರೂ ಲೈಟ್ ಹಾಕಿದ ಮೇಲೆ ಎರಡು ವರ್ಷ ಬಿಟ್ಟು ಊರಿಗೆ ಬರುವವ ಪೂರ್ತಿ ಎತ್ತಿದ್ರೆ ಅವನಿಗೆ ಹಾಕಿ ಅಂತ ಹೇಳ್ಲಿಕ್ಕೆ ನಂಗಂತೂ ಬಾಯಿ ಬರುದಿಲ್ಲ, ಅವ ನೋಡ್ಲಿ.

ಜಗಳವೇ ಬೇಡ ಅಂತಿದ್ರೆ ಸೀಟ್ ಹಿಡಿಯುವಾಗಲೇ ಲೆಕ್ಕ ಹಾಕಿ. ಎ ಅಂದ್ರೆ ಎಡ, ಎಫ್ ಅಂದ್ರೆ ಬಲ. ಮುಂಬೈಯಿಂದ ಬರುವಾಗ ಎಫ್ ಬದಿಗೆ ಕಡಲು, ಎ ಬದಿಗೆ ಕರಾವಳಿ, ಘಟ್ಟ. ಬೆಳಿಗ್ಗೆ ಬಿಸಿಲು ಎ ಬದಿಗೆ, ಸಂಜೆ ಎಫ್ ಬದಿಗೆ, ಅಂದ್ರೆ ಕಡಲೂ ಬೇಕು ಬಿಸಿಲೂ ಬೇಡ ಅಂದ್ರೆ ಬೆಳಿಗ್ಗೆಯ ಫ್ಲೈಟ್. ಬೆಂಗಳೂರಿಂದ ಬರುವಾಗ ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಎ ಬದಿಯವರಿಗೆ ಬಿಸಿಲಿನ ಹಬ್ಬ, ಹೋಗುವಾಗ ಎಫ್ ಬದಿಯವರಿಗೆ. ಮಳೆಗಾಲದಲ್ಲಿ ಈ ಯಾವ ಲೆಕ್ಕವೂ ಬೇಡ, ಜೂನಿಂದ ಸಪ್ಟೆಂಬರ್ ತನಕ ಎತ್ತಿದ್ರೂ ಬಿಳಿ, ಎಳೆದ್ರೂ ಬಿಳಿ, ಮೋಡದ ಒಳಗೇ ಸುತ್ತು ಹೊಡ್ದು ಕೆಲವೊಮ್ಮೆ ಬೆಂಗಳೂರಿಗೇ ವಾಪಸ್.

ಅವತ್ತು ಆ ಅಕ್ಕ ಮುಕ್ಕಾಲು ಶಟರಿಗೆ ಒಪ್ಪಿದ್ರು ಅಂದೆ ಅಲ್ವಾ, ನಂಗೆ ಆ ನಾಲ್ಕು ಬೆರಳಲ್ಲಿ ಘಟ್ಟದ ಹಸಿರು, ಆಮೇಲೆ ಹೆಂಚಿನ ಮಾಡು, ಕೆಂಪು ಮಣ್ಣು ಎಲ್ಲ ಕಂಡಿತು. ಇಳಿಯುವ ಹೊತ್ತಿಗೆ ಕ್ರೂ ಬಂದು ಶಟರ್ ಪೂರ್ತಿ ಎತ್ತಿ ಅಂದ್ರು. ಹೆಡ್‌ಫೋನ್ ತೆಗ್ದು ಹಿಂದೆ ತಿರುಗಿ "ಅಕ್ಕ, ಈಗ ಎತ್ತುದು ನಾನು" ಅಂತ ಹೇಳಿಯೇ ಎತ್ತಿದೆ. ಅವರು ಸೆರಗಿನ ತುದಿ ಮಗುವಿನ ಕಣ್ಣಿಗೆ ಅಡ್ಡ ಹಿಡಿದ್ರು. ಆದ್ರೂ ಮಗು ಎದ್ದು ಬೊಬ್ಬೆ ಹಾಕ್ಲಿಕ್ಕೆ ಶುರು ಮಾಡಿದ್ದು, ಚಕ್ರ ರನ್‌ವೇ ಮುಟ್ಟಿದ ಮೇಲೂ ನಿಲ್ಲಿಸ್ಲಿಲ್ಲ.