ಲಾಳ ಬಿಚ್ಚಿದ ಮೇಲೆ: ರೇಸ್ ಕುದುರೆಗಳ ಗೊರಸು ಮತ್ತು ನನ್ನ ಅನುಭವ

ಮೈಸೂರಿನ ಹೊರವಲಯದಲ್ಲಿರುವ ನನ್ನ ಸಣ್ಣ ಲಾಯಕ್ಕೆ ಬರುವ ಕುದುರೆಗಳಲ್ಲಿ ಹೆಚ್ಚಿನವು ಬೆಂಗಳೂರು ಮತ್ತು ಮೈಸೂರಿನ ರೇಸ್‌ಕೋರ್ಸುಗಳಲ್ಲಿ ಓಡಿ, ಇನ್ನು ಗೆಲ್ಲುವ ಸಂಭವವಿಲ್ಲವೆಂದು ಮಾಲೀಕರು ಕೈಬಿಟ್ಟ ಥರೋಬ್ರೆಡ್‌ಗಳು. ಈ ತಳಿಯ ಕುದುರೆಗಳು ಎರಡನೆಯ ವಯಸ್ಸಿಗೇ ಓಟಕ್ಕೆ ಇಳಿಯುವುದರಿಂದ ಅದಕ್ಕೂ ಮೊದಲೇ ಅವುಗಳ ಕಾಲಿಗೆ ಲಾಳ ಬಿದ್ದಿರುತ್ತದೆ. ಹಿಮ್ಮಡಿಯೊಳಗಿನ ಮೆತ್ತೆಯೂ ಅದರ ಎರಡು ಬದಿಯ ಮೃದ್ವಸ್ಥಿಗಳೂ ಇನ್ನೂ ಬಲಿಯುತ್ತಿರುವ ಕಾಲ ಅದು. ಬೆಳಗಿನ ತಾಲೀಮು ಮುಗಿದರೆ ಉಳಿದ ಹೊತ್ತೆಲ್ಲ ಲಾಯದೊಳಗೇ ನಿಲ್ಲುವ ಬದುಕು ಬೇರೆ. ಹೀಗಾಗಿ ನನ್ನಲ್ಲಿಗೆ ಬರುವ ಹೊತ್ತಿಗೆ ಗೊರಸಿನ ಮುಂತುದಿ ಮುಂದಕ್ಕೆ ಚಾಚಿಕೊಂಡು, ಹಿಮ್ಮಡಿ ಕುಸಿದು ಒಳಮಡಚಿ, ಅಂಗಾಲು ಹೆಬ್ಬೆರಳಲ್ಲಿ ಒತ್ತಿದರೆ ಬಗ್ಗುವಷ್ಟು ತೆಳುವಾಗಿರುವುದು ಸಾಮಾನ್ಯ.

ಇಂಥ ಕಾಲುಗಳನ್ನು ಲಾಳವಿಲ್ಲದೆ ಸರಿಪಡಿಸುವ ಕೆಲಸವನ್ನು ಕಲಿಯಲು ಬರುವ ಯುವಕರು ಮೊದಲು ಕೇಳುವುದು ಅರವನ್ನು ಹೇಗೆ ಹಿಡಿಯಬೇಕು, ಎಷ್ಟು ಕತ್ತರಿಸಬೇಕು ಎಂಬುದನ್ನು. ನಾನು ಅವರನ್ನು ಮೊದಲು ಮೇವಿನ ಕೋಣೆಗೆ ಕರೆದೊಯ್ಯುತ್ತೇನೆ, ಆಮೇಲೆ ಕುದುರೆ ತಿರುಗಾಡುವ ನೆಲವನ್ನು ತೋರಿಸುತ್ತೇನೆ. ಮೇವು, ನೆಲ ಮತ್ತು ನಡಿಗೆ ಸರಿಯಾಗದ ಕುದುರೆಗೆ ಎಷ್ಟು ಚೆನ್ನಾಗಿ ಗೊರಸು ಕತ್ತರಿಸಿದರೂ ನಾಲ್ಕಾರು ವಾರಗಳಲ್ಲಿ ಅದು ಹಳೆಯ ಆಕಾರಕ್ಕೇ ಮರಳುವುದನ್ನು ನಾನು ಕಂಡಿದ್ದೇನೆ. ಅಮೆರಿಕದ ಗ್ರೇಟ್ ಬೇಸಿನ್ ಪ್ರದೇಶದ ಕಾಡುಕುದುರೆಗಳನ್ನು 1980ರ ದಶಕದಲ್ಲಿ ಗಮನಿಸಿದ ಜೇಮೀ ಜಾಕ್ಸನ್ ಎಂಬ ಲಾಳಗಾರರಿಂದ ಲಾಳವಿಲ್ಲದೆ ಗೊರಸು ಸರಿಪಡಿಸುವ ಈ ಪದ್ಧತಿಗೆ ಇಂದಿನ ರೂಪ ಬಂತು ಎನ್ನುವುದು ನಿಜ. ಆದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಕಾಡುಕುದುರೆಗಳಾದ ಬ್ರಂಬಿಗಳನ್ನು ಅಧ್ಯಯನ ಮಾಡಿದಾಗ, ನೆಲ ಬದಲಾದಂತೆ ಗೊರಸಿನ ಆಕಾರವೂ ಬದಲಾಗುವುದು ಕಂಡುಬಂತು; ಕಾಡಿನಲ್ಲಿರುವ ಕುದುರೆಗಳಿಗೂ ಗೊರಸಿನ ರೋಗಗಳಿರುವುದು ಗೊತ್ತಾಯಿತು. ಆದ್ದರಿಂದ ಒಂದು ಆದರ್ಶ ಗೊರಸಿನ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು ಎಲ್ಲ ಕುದುರೆಗಳನ್ನೂ ಅದರ ಅಚ್ಚಿಗೆ ಹಾಕುವುದರಲ್ಲಿ ನನಗೆ ನಂಬಿಕೆಯಿಲ್ಲ.

ವಿವರಗಳಿಗಾಗಿ ಒಂದು ಕಂದು ಹೆಣ್ಣುಕುದುರೆಯ ವಿಷಯವನ್ನೇ ಹೇಳುತ್ತೇನೆ. ಬಂದಾಗ ಅದಕ್ಕೆ ಆರು ವರ್ಷ, ತೂಕ ಸುಮಾರು 450 ಕಿಲೊ. ಮುಂಗಾಲುಗಳ ಗೊರಸಿನ ಗೋಡೆ ಹಳೆಯ ಮೊಳೆಯ ತೂತುಗಳಿಂದ ಎಷ್ಟು ಪುಡಿಯಾಗಿತ್ತೆಂದರೆ ಹೊಸ ಮೊಳೆ ಹೊಡೆಯಲು ಗಟ್ಟಿಯಾದ ಜಾಗವೇ ಉಳಿದಿರಲಿಲ್ಲ. ‘ಲಾಳ ಇಲ್ದೆ ಇದು ನಿಂತ್ಕೊಳ್ಳೋದೂ ಕಷ್ಟ ಸಾರ್’ ಎಂದು ಅದರ ಜೊತೆಗೆ ಬಂದ ಹಳೆಯ ಸೈಸ್ (ಕುದುರೆ ನೋಡಿಕೊಳ್ಳುವವ) ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಗಟ್ಟಿ ನೆಲದ ಮೇಲೆ ನಡೆಸಿ, ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ನೋಡಿದಾಗ ಮುಂಗಾಲಿನ ಗೊರಸು ಮುಂತುದಿಯಿಂದಲೇ ನೆಲಕ್ಕೆ ಊರುತ್ತಿತ್ತು. ಆರೋಗ್ಯವಂತ ಕುದುರೆ ಸಮತಟ್ಟಾಗಿ, ಇಲ್ಲವೇ ಹಿಮ್ಮಡಿ ಒಂದಿಷ್ಟು ಮುಂಚೆ ತಾಗುವಂತೆ ಕಾಲು ಊರಬೇಕು. ಮುಂತುದಿ ಮೊದಲು ತಾಗುತ್ತಿದೆಯೆಂದರೆ ಹಿಂಭಾಗದಲ್ಲಿ ನೋವಿದೆ ಅಥವಾ ಅಲ್ಲಿ ಬಲವಿಲ್ಲ ಎಂದು ಅರ್ಥ.

ಯಾವ ಕುದುರೆಗೂ ಲಾಳ ಬಿಚ್ಚುವ ಮೊದಲು ನಾನು ಪಶುವೈದ್ಯರಿಂದ ಎಕ್ಸ್‌ರೇ ತೆಗೆಸುತ್ತೇನೆ. ಗೊರಸಿನ ಮುಂಭಾಗಕ್ಕೆ ನೇರವಾದ ತಂತಿಯ ತುಂಡೊಂದನ್ನು ಅಂಟಿಸಿ ಪಕ್ಕದಿಂದ ಚಿತ್ರ ತೆಗೆದರೆ ಹೊರಗೋಡೆ ಎಲ್ಲಿದೆ, ಒಳಗಿನ ಎಲುಬು ಎಲ್ಲಿದೆ, ಅವೆರಡರ ನಡುವೆ ಅಂತರ ಎಷ್ಟಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಎಲುಬಿನ ತುದಿಯ ಕೆಳಗೆ ಅಂಗಾಲು ಕನಿಷ್ಠ 15 ಮಿ.ಮೀ. ದಪ್ಪವಿರಬೇಕೆಂಬುದು ರೂಢಿಯ ಲೆಕ್ಕ. ಈ ಕುದುರೆಯದು 8 ಮಿ.ಮೀ. ಆಸುಪಾಸಿನಲ್ಲಿತ್ತು. ಅದೃಷ್ಟವಶಾತ್ ಎಲುಬು ಕೆಳಕ್ಕೆ ತಿರುಗಿರಲಿಲ್ಲ. ತಿರುಗಿದ್ದರೆ ಅದು ಲ್ಯಾಮಿನೈಟಿಸ್‌ನ, ಅಂದರೆ ಗೋಡೆಯನ್ನು ಎಲುಬಿಗೆ ಹಿಡಿದಿಡುವ ಪದರಗಳ ಉರಿಯೂತದ ಪ್ರಕರಣವಾಗುತ್ತಿತ್ತು. ಆಗ ವೈದ್ಯರ ಚಿಕಿತ್ಸೆಯೇ ಮುಂದಿದ್ದು, ನನ್ನ ಅರ ಅದರ ಹಿಂದೆ ಹೋಗಬೇಕಾಗುತ್ತಿತ್ತು.

ಲಾಳ ಬಿಚ್ಚುವುದಕ್ಕೆ ನಾನು ಮಳೆಗಾಲ ಮುಗಿದ ನಂತರದ ದಿನಗಳನ್ನು ಆರಿಸಿಕೊಳ್ಳುತ್ತೇನೆ. ಒದ್ದೆ ನೆಲದಲ್ಲಿ ನೆನೆದು ಮೆತ್ತಗಾದ ಗೊರಸು ಲಾಳದ ಆಸರೆ ತಪ್ಪಿದ ಕೂಡಲೇ ಮೊಳೆಯ ತೂತುಗಳ ಉದ್ದಕ್ಕೂ ಒಡೆದುಹೋಗುತ್ತದೆ. ಮೊಳೆಗಳ ಮಡಚಿದ ತುದಿಗಳನ್ನು ಅರದಿಂದ ಉಜ್ಜಿ ತೆಗೆದು, ಒಂದೊಂದೇ ಮೊಳೆಯನ್ನು ಪ್ರತ್ಯೇಕವಾಗಿ ಕಿತ್ತು, ಕೊನೆಗೆ ಲಾಳವನ್ನು ಎತ್ತಬೇಕು. ಇಕ್ಕಳ ಹಾಕಿ ಇಡೀ ಲಾಳವನ್ನು ಒಮ್ಮೆಲೇ ಮೀಟಿದರೆ ಗೋಡೆಯ ಚೂರುಗಳೂ ಅದರ ಜೊತೆಗೇ ಬರುತ್ತವೆ. ಆ ದಿನ ನಾನು ಮಾಡುವ ಕತ್ತರಿಕೆ ಬಹಳ ಕಡಿಮೆ: ಒಡೆದ ಅಂಚನ್ನು ಗುಂಡಗೆ ಉಜ್ಜುತ್ತೇನೆ, ಅಷ್ಟೇ. ಅಂಗಾಲಿಗೆ ಕತ್ತಿಯನ್ನೇ ತಾಗಿಸುವುದಿಲ್ಲ. ಲಾಳ ಕಟ್ಟುವ ಮುನ್ನ ಅಂಗಾಲನ್ನು ಬೆಳ್ಳಗಾಗುವವರೆಗೆ ಹೆರೆದು ಅಚ್ಚುಕಟ್ಟು ಮಾಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗೆ ಇದೆ. ನೋಡಲು ಚೆಂದ, ಆದರೆ ತೆಳುವಾದ ಅಂಗಾಲಿನ ಕುದುರೆಗೆ ಇರುವ ಏಕೈಕ ರಕ್ಷಣೆಯನ್ನೇ ಅದು ಕಿತ್ತುಕೊಳ್ಳುತ್ತದೆ.

ಕೆಲವು ವಾರಗಳ ನಂತರ ನಿಜವಾದ ಕತ್ತರಿಕೆ ಶುರುವಾಗುತ್ತದೆ. ಇದಕ್ಕೆ ಅಂಗಾಲೇ ನನ್ನ ಅಳತೆಗೋಲು. ಅಂಗಾಲಿನ ನಡುವೆ ಹಿಮ್ಮಡಿಯಿಂದ ಮುಂದಕ್ಕೆ ಮೊನಚಾಗುತ್ತ ಹೋಗುವ ತ್ರಿಕೋನಾಕಾರದ ಮೆತ್ತನೆಯ ಭಾಗವಿದೆ, ಅದಕ್ಕೆ ಫ್ರಾಗ್ ಎನ್ನುತ್ತೇವೆ. ಅದರ ಎರಡೂ ಬದಿಗೆ ಕಾಲುವೆಯಂಥ ತಗ್ಗುಗಳಿವೆ. ಗೊರಸಿನ ಮೇಲೆ ಅರವನ್ನು ಅಡ್ಡಲಾಗಿಟ್ಟು, ಫ್ರಾಗಿನ ಮೊನೆಯ ಪಕ್ಕದ ತಗ್ಗು ಎಷ್ಟು ಆಳವಿದೆ ಎಂದು ಕಡ್ಡಿಯಿಂದ ಅಳೆದರೆ ಅಂಗಾಲಿನ ದಪ್ಪದ ಅಂದಾಜು ಸಿಗುತ್ತದೆ. ಆಳ ಒಂದು ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಆ ಗೊರಸಿನ ಎತ್ತರವನ್ನು ನಾನು ಕೂದಲೆಳೆಯಷ್ಟೂ ತಗ್ಗಿಸುವುದಿಲ್ಲ. ಹಿಮ್ಮಡಿಯ ಗೋಡೆಯನ್ನು ಅಲ್ಲಿನ ಜೀವಂತ ಅಂಗಾಲಿಗಿಂತ ತುಸು ಎತ್ತರದಲ್ಲಿ ನಿಲ್ಲಿಸುತ್ತೇನೆ. ಒಳಮಡಚಿದ ಹಿಮ್ಮಡಿಯ ತುದಿಯನ್ನು ಹಿಂದಕ್ಕೆ ತಂದು, ಭಾರ ಬೀಳುವ ಜಾಗ ಫ್ರಾಗಿನ ಅಗಲವಾದ ಭಾಗದ ಸಮೀಪಕ್ಕೆ ಬರುವಂತೆ ನೋಡಿಕೊಳ್ಳುತ್ತೇನೆ.

ಮುಂತುದಿಯ ಕೆಲಸವನ್ನು ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಕುದುರೆಗಳ ತೊಂದರೆ ಇರುವುದು ಅಲ್ಲಿಯೇ. ಗೊರಸನ್ನು ಎತ್ತಿ ಕೆಳಗಿನಿಂದ ನೋಡಿದರೆ ಗೋಡೆಗೂ ಅಂಗಾಲಿಗೂ ನಡುವೆ ಹಳದಿ ಛಾಯೆಯ ಒಂದು ಗೆರೆ ಕಾಣುತ್ತದೆ, ಅದನ್ನು ಬಿಳಿಗೆರೆ ಎನ್ನುತ್ತಾರೆ. ಗಟ್ಟಿಯಾದ ಗೊರಸಿನಲ್ಲಿ ಅದು ಸಣ್ಣಗೆ, ಬಿಗಿಯಾಗಿರುತ್ತದೆ. ಈ ಹೆಣ್ಣುಕುದುರೆಯಲ್ಲಿ ಅದು ಕಿರುಬೆರಳಿನಷ್ಟು ಅಗಲಕ್ಕೆ ಹಿಗ್ಗಿ, ಅದರ ಸಂದುಗಳಲ್ಲಿ ಸಣ್ಣ ಮರಳುಕಣಗಳು ಸಿಕ್ಕಿಕೊಂಡು, ಮುಂಭಾಗದಲ್ಲಿ ಕಪ್ಪಗಾಗಿತ್ತು. ಪ್ರತಿ ಹೆಜ್ಜೆಯಲ್ಲೂ ಮುಂಚಾಚಿದ ಗೋಡೆ ಸನ್ನೆಕೋಲಿನಂತೆ ಕೆಲಸ ಮಾಡಿ ಒಳಗಿನ ಪದರಗಳನ್ನು ಎಲುಬಿನಿಂದ ದೂರ ಎಳೆಯುತ್ತಿತ್ತು. ನಾನು ಅರವನ್ನು ಸುಮಾರು 45 ಡಿಗ್ರಿ ಓರೆಯಲ್ಲಿ ಹಿಡಿದು, ಗೋಡೆಯ ಕೆಳಅಂಚನ್ನು ಹೊರಗಿನಿಂದ ಉಜ್ಜಿ, ಆ ಭಾಗ ನೆಲಕ್ಕೆ ತಾಗದಂತೆ ಮಾಡಿದೆ. ಕೊನೆಗೆ ಅಂಚನ್ನು ದುಂಡಗೆ ತಿರುಗಿಸಿದೆ. ಗೋಡೆಯ ಮೇಲ್ಭಾಗವನ್ನು ಮುಟ್ಟುವ ಆಸೆ ಎಲ್ಲರಿಗೂ ಆಗುತ್ತದೆ, ಉಬ್ಬನ್ನು ಉಜ್ಜಿ ನೇರ ಮಾಡಿದರೆ ಗೊರಸು ಫೋಟೊದಲ್ಲಿ ಸುಂದರವಾಗಿ ಕಾಣುತ್ತದೆ. ಕೆಳಗಿನ ಮೂರನೆಯ ಒಂದು ಭಾಗದಿಂದ ಮೇಲಕ್ಕೆ ನಾನು ಅರ ಎತ್ತುವುದಿಲ್ಲ, ಏಕೆಂದರೆ ತೆಳುವಾದ ಗೋಡೆ ಮತ್ತಷ್ಟು ಬಾಗುತ್ತದೆ. ಇಷ್ಟನ್ನು ನಾಲ್ಕರಿಂದ ಆರು ವಾರಗಳಿಗೊಮ್ಮೆ ಮಾಡುತ್ತ ಬರಬೇಕು. ಎರಡು ತಿಂಗಳಿಗೊಮ್ಮೆ ಹೆಚ್ಚು ಹೆಚ್ಚು ಕತ್ತರಿಸುವುದಕ್ಕಿಂತ ತಿಂಗಳಿಗೊಮ್ಮೆ ಸ್ವಲ್ಪವೇ ಉಜ್ಜುವುದು ಕುದುರೆಗೆ ಹಿತ.

ಮೇವಿನ ವಿಷಯಕ್ಕೆ ಬಂದರೆ, ರೇಸ್ ಲಾಯದ ಬಾರ್ಲಿ, ಓಟ್ಸ್, ಬೆಲ್ಲ, ಗೋಧಿ ಬೂಸಾಗಳ ರಾಶಿಯನ್ನು ನಾನು ಹಂತಹಂತವಾಗಿ ಇಳಿಸುತ್ತೇನೆ. ಪಿಷ್ಟ ಮತ್ತು ಸಕ್ಕರೆ ಹೆಚ್ಚಾದಷ್ಟೂ ಗೋಡೆಯನ್ನು ಎಲುಬಿಗೆ ಹಿಡಿದಿಡುವ ಪದರಗಳು ಸಡಿಲವಾಗುವ ಅಪಾಯವಿದೆ. ಗೋಧಿ ಬೂಸಾದಲ್ಲಿ ಸುಣ್ಣದ ಅಂಶಕ್ಕಿಂತ ರಂಜಕ ಹಲವು ಪಟ್ಟು ಹೆಚ್ಚಿರುವುದರಿಂದ ದಿನವೂ ಧಾರಾಳವಾಗಿ ಕೊಟ್ಟರೆ ಎಲುಬಿಗೂ ಕೇಡು. ದೇಹತೂಕದ ಶೇ. 1.5ರಿಂದ 2ರಷ್ಟು ಒಣಮೇವು, ಅಂದರೆ ಈ ಕುದುರೆಗೆ 7ರಿಂದ 9 ಕಿಲೊ ಒಣಹುಲ್ಲು, ಅದರ ಜೊತೆಗೆ ಕುದುರೆಮೆಂತೆ ಸೊಪ್ಪು ಸ್ವಲ್ಪ, ನೆನೆಸಿ ಬೇಯಿಸಿದ ಹುರುಳಿ ಒಂದು ಹಿಡಿ, ಸತು ಮತ್ತು ತಾಮ್ರವಿರುವ ಖನಿಜ ಮಿಶ್ರಣ. ಬಯೊಟಿನ್ ಎಂಬ ವಿಟಮಿನ್ ದಿನಕ್ಕೆ 20 ಮಿ.ಗ್ರಾಂ. ಕೊಡುವುದುಂಟು, ಆದರೆ ಅದರ ಪರಿಣಾಮ ಹೊಸದಾಗಿ ಬೆಳೆಯುವ ಗೊರಸಿನಲ್ಲಿ ಮಾತ್ರ ಕಾಣುವುದರಿಂದ ತಿಂಗಳುಗಟ್ಟಲೆ ಕಾಯಬೇಕು. ‘ಡಬ್ಬಿ ಮುಗಿಯಿತು, ಏನೂ ಆಗಲಿಲ್ಲ’ ಎನ್ನುವವರೇ ಹೆಚ್ಚು.

ನೆಲದ ಪಾಠ ಬಹಳ ಹಳೆಯದು. ಮೊಳೆ ಹೊಡೆದ ಲಾಳವೇ ಬಳಕೆಯಲ್ಲಿಲ್ಲದ ಕಾಲದಲ್ಲಿ, ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ, ಗ್ರೀಸಿನ ಸೇನಾನಿ ಮತ್ತು ಲೇಖಕ ಕ್ಸೆನೊಫನ್ ಲಾಯದ ಹೊರಗೆ ಕೈತುಂಬುವ ಗಾತ್ರದ ದುಂಡುಕಲ್ಲುಗಳನ್ನು ಗಾಡಿಗಟ್ಟಲೆ ಸುರಿದು ಅದರ ಮೇಲೆ ಕುದುರೆಯನ್ನು ನಿಲ್ಲಿಸಬೇಕೆಂದು ಬರೆದಿದ್ದಾನೆ. ನಾನು ನೀರಿನ ತೊಟ್ಟಿಯ ಸುತ್ತ ಬಟಾಣಿ ಗಾತ್ರದ ನುಣುಪಾದ ಹೊಳೆಗಲ್ಲನ್ನು ಒಂದು ಗೇಣು ಆಳಕ್ಕೆ ಹಾಸಿದ್ದೇನೆ. ಕ್ರಷರ್ ಜಲ್ಲಿಯ ಚೂಪಾದ ಮೂಲೆಗಳು ತೆಳುವಾದ ಅಂಗಾಲನ್ನು ಜಜ್ಜುವುದರಿಂದ ಅದನ್ನು ಬಳಸುವುದಿಲ್ಲ. ನೀರು ಕುಡಿಯಲು ಬಂದಾಗಲೆಲ್ಲ ಗೊರಸು ಆ ಕಲ್ಲುಗಳಲ್ಲಿ ಹುದುಗಿ, ಫ್ರಾಗು, ಅಂಗಾಲು, ಹಿಮ್ಮಡಿ ಎಲ್ಲಕ್ಕೂ ಸಮನಾದ ಒತ್ತಡ ಸಿಗುತ್ತದೆ. ಹಿಮ್ಮಡಿಯೊಳಗಿನ ಮೆತ್ತೆ ಇಂಥ ಒತ್ತಡದಿಂದಲೇ ಬಲಗೊಂಡು ನಾರು ಮತ್ತು ಮೃದ್ವಸ್ಥಿಯಿಂದ ಗಟ್ಟಿಯಾಗುತ್ತದೆ ಎಂಬುದು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಂಗರಚನಾ ತಜ್ಞರಾಗಿದ್ದ ರಾಬರ್ಟ್ ಬೌಕರ್ ಅವರ ವಾದ. ನನ್ನ ಕೈಗೆ ಸಿಕ್ಕ ಅನುಭವವೂ ಅದನ್ನೇ ಹೇಳುತ್ತದೆ. ಮೊದಮೊದಲು ಈ ಕುದುರೆಗೆ ದಪ್ಪ ಫೋಮ್ ತುಂಡನ್ನು ಗೊರಸಿನ ಆಕಾರಕ್ಕೆ ಕತ್ತರಿಸಿ, ಅಗಲದ ಟೇಪಿನಿಂದ ಸುತ್ತಿ ನಡೆಸಿದೆವು. ಹೊರದೇಶದ ಗೊರಸುಬೂಟು ತರಿಸಿದ್ದು ಆಮೇಲೆ. ಬೂಟು ಹಾಕಿಕೊಂಡಾದರೂ ಸರಿ, ಹಿಮ್ಮಡಿ ಊರಿ ನಡೆಯಬೇಕು. ನೋವಿನಿಂದ ಮುಂತುದಿಯಲ್ಲಿ ಕುಂಟುತ್ತ ನಡೆದ ನಡಿಗೆಯಿಂದ ಯಾವ ಲಾಭವೂ ಇಲ್ಲ.

ಮಧ್ಯದಲ್ಲಿ ಒಮ್ಮೆ ಕುದುರೆ ಇದ್ದಕ್ಕಿದ್ದಂತೆ ಎಡಗಾಲನ್ನು ನೆಲಕ್ಕೆ ಊರದಾಯಿತು. ಗೊರಸು ಬಿಸಿಯಾಗಿ, ಗೆಣ್ಣಿನ ಹಿಂದೆ ಬೆರಳಿಟ್ಟರೆ ನಾಡಿ ಜೋರಾಗಿ ಹೊಡೆಯುತ್ತಿತ್ತು. ಗೊರಸಿನೊಳಗೆ ಕೀವು ಕಟ್ಟಿದ ಲಕ್ಷಣವಿದು. ದುರ್ಬಲ ಕಾಲು ಕೆಲಸಕ್ಕೆ ಇಳಿದಾಗ ಇದು ಅಪರೂಪವಲ್ಲ. ಪಶುವೈದ್ಯರು ಬಂದು ನೋಡಿದರು, ಎಪ್ಸಮ್ ಉಪ್ಪು ಹಾಕಿದ ಬೆಚ್ಚನೆಯ ನೀರಿನಲ್ಲಿ ಕಾಲನ್ನು ನೆನೆಸುತ್ತ ಬಂದೆವು, ಕೀವು ಹಿಮ್ಮಡಿಯ ಕೂದಲಂಚಿನಲ್ಲಿ ದಾರಿ ಮಾಡಿಕೊಂಡು ಹೊರಬಂದ ಮೇಲೆ ಕುಂಟು ನಿಂತಿತು.

ಗೊರಸು ತಿಂಗಳಿಗೆ 6ರಿಂದ 10 ಮಿ.ಮೀ. ಮಾತ್ರ ಬೆಳೆಯುವುದರಿಂದ ಮುಂಭಾಗ ಪೂರ್ತಿ ಹೊಸದಾಗಲು ಒಂಬತ್ತು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಆದರೆ ದಿಕ್ಕು ಸರಿಯಿದೆಯೇ ಎಂಬುದು ಬೇಗನೆ ತಿಳಿಯುತ್ತದೆ. ಕೂದಲಂಚಿನ ಕೆಳಗೆ ಹುಟ್ಟಿದ ಹೊಸ ಗೋಡೆ ಹಳೆಯದಕ್ಕಿಂತ ಕಡಿದಾದ ಕೋನದಲ್ಲಿ ಇಳಿಯತೊಡಗುತ್ತದೆ, ಎರಡರ ನಡುವೆ ಬೆರಳಿಗೆ ಸಿಗುವ ಒಂದು ಏಣು ಮೂಡುತ್ತದೆ. ಆ ಹೊಸ ಭಾಗದ ಮೇಲೆ ಸ್ಕೇಲ್ ಇಟ್ಟು ನೆಲದವರೆಗೆ ಕಣ್ಣಳತೆಯಲ್ಲಿ ಎಳೆದರೆ, ಹಳೆಯ ಮುಂತುದಿ ಎಷ್ಟು ದೂರ ಹೊರಟುಹೋಗಿದೆ ಎಂಬುದು ಕಾಣುತ್ತದೆ. ಇವಳ ಬಲಗಾಲಿನಲ್ಲಿ ಅದು ಹೆಚ್ಚುಕಡಿಮೆ ಎರಡು ಬೆರಳಗಲವಿತ್ತು. ಆ ಏಣು ನೆಲ ಮುಟ್ಟಿ ಸವೆದುಹೋಗುವ ಹೊತ್ತಿಗೆ ಬಿಳಿಗೆರೆ ಬಿಗಿಯಾಗಿತ್ತು, ಅಂಗಾಲು ಒಳಕ್ಕೆ ಬಟ್ಟಲಿನಂತೆ ಕುಳಿಗೊಂಡಿತ್ತು, ಮೊಳೆಯ ತೂತು ಒಂದೂ ಉಳಿದಿರಲಿಲ್ಲ. ಮತ್ತೆ ತೆಗೆಸಿದ ಎಕ್ಸ್‌ರೇಯಲ್ಲಿ ಅಂಗಾಲು 14 ಮಿ.ಮೀ. ತೋರಿಸಿತು.

ಮುಂಗಾರಿನಲ್ಲಿ ಎಚ್ಚರಿಕೆ ಇನ್ನಷ್ಟು ಬೇಕು. ಫ್ರಾಗಿನ ನಡುಸೀಳು ಕೊಳೆತು ಕಪ್ಪು ರಸ ಸುರಿಯುವ ಥ್ರಶ್ ರೋಗ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ, ಅಷ್ಟು ಕೆಟ್ಟ ವಾಸನೆ. ನಿತ್ಯ ಗೊರಸನ್ನು ಕೆದಕಿ ತೊಳೆದು, ಒಣಗಿಸಿ, ಆಳವಾದ ಸೀಳಿಗೆ ದುರ್ಬಲ ಅಯೋಡಿನ್ ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಇಡುತ್ತೇವೆ. ಮೈಲುತುತ್ತದ ಪುಡಿಯನ್ನು ನೇರವಾಗಿ ತುಂಬುವವರಿದ್ದಾರೆ. ಹಸಿ ಗಾಯಕ್ಕೆ ಅದು ಸುಡುವುದರಿಂದ ನಾನು ಒಪ್ಪುವುದಿಲ್ಲ. ಫ್ರಾಗ್ ನೋಯುತ್ತಿದ್ದರೆ ಕುದುರೆ ಹಿಮ್ಮಡಿ ಊರುವುದಿಲ್ಲ, ಆಗ ಒಂದು ಬೇಸಿಗೆಯ ದುಡಿಮೆ ಒಂದೇ ಮಳೆಗಾಲದಲ್ಲಿ ಹಿಂದಕ್ಕೆ ಸರಿಯುತ್ತದೆ.

ಲಾಳವೆಂದರೆ ಪಾಪ ಎನ್ನುವವರ ಗುಂಪಿಗೆ ನಾನು ಸೇರಿಲ್ಲ. ಮೈಸೂರಿನ ಟಾಂಗಾ ಕುದುರೆಗಳು ದಿನವಿಡೀ ಡಾಂಬರಿನ ಮೇಲೆ ಭಾರ ಎಳೆಯುತ್ತವೆ, ಅಲ್ಲಿ ಗೊರಸು ಬೆಳೆಯುವುದಕ್ಕಿಂತ ವೇಗವಾಗಿ ಸವೆಯುತ್ತದೆ. ಅವುಗಳಿಗೆ ಲಾಳ ಬಿಚ್ಚಿಸಿ ಎಂದು ಹೊಟ್ಟೆಪಾಡಿಗೆ ಗಾಡಿ ಓಡಿಸುವವರಿಗೆ ಉಪದೇಶ ಮಾಡುವುದು ನನಗೆ ಸರಿಕಾಣುವುದಿಲ್ಲ. ಒಂದು ವರ್ಷದ ವಿಶ್ರಾಂತಿ ಕೊಡಲಾಗದ ಮಾಲೀಕರಿಗೂ ಲಾಳ ಬಿಚ್ಚಿಸುವುದು ಬೇಡವೆಂದು ನಾನು ಮೊದಲೇ ಹೇಳಿಬಿಡುತ್ತೇನೆ. ಈ ಹೆಣ್ಣುಕುದುರೆ ಈಗ ಸವಾರಿ ಶಾಲೆಯೊಂದರಲ್ಲಿ ಮಣ್ಣಿನ ಅಂಗಳದಲ್ಲಿ ಲಾಳವಿಲ್ಲದೆ ಮಕ್ಕಳನ್ನು ಹೊರುತ್ತಿದೆ, ಜಲ್ಲಿ ರಸ್ತೆಗೆ ಹೋದಾಗ ಮುಂಗಾಲಿಗೆ ಬೂಟು ಹಾಕುತ್ತಾರೆ. ಅದರ ಜೊತೆಗೇ ಬಂದಿದ್ದ, ಗೊರಸಿನ ಎಲುಬು ಬರುವ ಮೊದಲೇ ಸೀಳಿದ್ದ ಒಂದು ಗಂಡುಕುದುರೆಗೆ ಮಾತ್ರ ಬರಿಗಾಲು ಹಿಡಿಸಲಿಲ್ಲ. ಪಶುವೈದ್ಯರ ಸಲಹೆಯಂತೆ ನಾಲ್‌ಬಂದರನ್ನು (ಲಾಳ ಕಟ್ಟುವವರನ್ನು) ಕರೆಸಿ, ಹಿಮ್ಮಡಿಗೆ ಆಸರೆ ಕೊಡುವ ಮುಚ್ಚಿದ ಲಾಳವನ್ನು ಕಟ್ಟಿಸಿದ್ದೇನೆ. ಅದನ್ನು ಐದು ವಾರಗಳಿಗೊಮ್ಮೆ ಬಿಚ್ಚಿ, ಮುಂತುದಿಯನ್ನು ಉಜ್ಜಿ, ಮತ್ತೆ ಕಟ್ಟುತ್ತೇವೆ.